ಇನ್ನೂ ಹುಟ್ಟದವರ ಪಾಲು

ತೊಗರಿಬೇಳೆಯ ಬೆಲೆ ಏರಿತೆಂದರೆ ಅದರ ಕಾರಣವನ್ನು ಕಲಬುರಗಿಯ ಗೃಹಿಣಿಯರಿಗೆ ಯಾರೂ ವಿವರಿಸಿ ಹೇಳಬೇಕಾದುದಿಲ್ಲ. ಬಿತ್ತನೆಯ ಮಳೆ ತಪ್ಪಿತೋ, ಹೂವಾಡುವ ಕಾಲಕ್ಕೆ ಮೋಡ ಕವಿದು ಕಾಯಿಕೊರಕ ಬಿದ್ದಿತೋ, ರಾಶಿಯ ಹೊತ್ತಿಗೆ ಅಕಾಲದ ಮಳೆ ಸುರಿಯಿತೋ ಎಂದು ಮೂರು ಮಾತಿನಲ್ಲಿ ಅವರು ವಿಷಯವನ್ನು ಮುಗಿಸುತ್ತಾರೆ. ಗಂಜಿನ ವ್ಯಾಪಾರಿಯೂ ಮುಗಿಲನ್ನು ನೋಡಿಯೇ ಬೆಲೆ ಕಟ್ಟುವವನು. ಈ ತಿಳಿವಳಿಕೆ ಹೊಸದೇನೂ ಅಲ್ಲ. ಮಳೆಯನ್ನು ಅಳೆಯುವುದಕ್ಕೆ ಒಂದು ಮೊಳ ಬಾಯಿಯುಳ್ಳ ಕುಂಡವನ್ನು ಇಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಅಶ್ಮಕ ದೇಶಕ್ಕೆ ಹದಿಮೂರೂವರೆ ದ್ರೋಣ, ಅವಂತಿಗೆ ಇಪ್ಪತ್ತಮೂರು ದ್ರೋಣ ಎಂದು ಮಳೆಯ ಪಟ್ಟಿಯನ್ನೂ ಕೊಡುತ್ತದೆ. ಆ ಕುಂಡವನ್ನು ಜೋಯಿಸರ ಮನೆಯಲ್ಲಿಡದೆ ರಾಜನ ಉಗ್ರಾಣದಲ್ಲಿಡಲು ಹೇಳಿರುವುದನ್ನು ವಾಚಕರು ಗಮನಿಸಬೇಕು.

ಉಗ್ರಾಣವನ್ನೂ ಮುಗಿಲನ್ನೂ ಒಂದೇ ಲೆಕ್ಕದಲ್ಲಿ ಕೂಡಿಸುವ ಆ ಕೆಲಸವನ್ನು ಈಗ ಸಮಸ್ತ ಭೂಮಂಡಲಕ್ಕೆ ವಿಸ್ತರಿಸಿ ಗಣಕಯಂತ್ರಗಳಿಂದ ಮಾಡಿಸುತ್ತಿದ್ದಾರೆ. ಇಂತಹ ಲೆಕ್ಕದ ಕಟ್ಟಿಗೆ ಪಂಡಿತರು ಮಾದರಿಯೆಂದು ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಹೆಸರಾದುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ನಾರ್ಡ್‌ಹೌಸ್ ಎಂಬ ಅರ್ಥಶಾಸ್ತ್ರಜ್ಞರು ೧೯೯೨ರಲ್ಲಿ ಪ್ರಕಟಿಸಿದ ‘ಡೈಸ್’. ಆ ಭಾಷೆಯಲ್ಲಿ ಪಗಡೆಯ ದಾಳಕ್ಕೂ ಅದೇ ಹೆಸರು. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಈ ಹೆಸರು ಅಷ್ಟೇನೂ ಹಿತವಾಗಿ ಕೇಳಿಸದು, ಅದಿರಲಿ.

ಮಾದರಿಯು ನಡೆಯುವ ಕ್ರಮ ಹೀಗಿದೆ. ಜನರು ದುಡಿದು, ಬಂಡವಾಳ ಹೂಡಿ ಸಂಪತ್ತನ್ನು ಉತ್ಪಾದಿಸುತ್ತಾರೆ. ಅದಕ್ಕಾಗಿ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವುದರಿಂದ ಇಂಗಾಲಾಮ್ಲವಾಯು ಹೊರಡುತ್ತದೆ. ಈ ವಾಯುವು ಸೂರ್ಯನಿಂದ ಕಾದ ನೆಲದ ಬಿಸಿಯನ್ನು ಹೊರಹೋಗಗೊಡದೆ ಕಂಬಳಿಯಂತೆ ತಡೆಯುವುದರಿಂದ ಭೂಮಿಯ ಉಷ್ಣತೆ ಏರುತ್ತದೆಂಬುದನ್ನು ಸ್ವೀಡನ್ ದೇಶದ ಅರ್‍ಹೇನಿಯಸ್ ಎಂಬ ವಿಜ್ಞಾನಿಯು ೧೮೯೬ರಲ್ಲಿಯೇ ಗಣಿಸಿ ತೋರಿಸಿದ್ದನು. ಯಂತ್ರೋದ್ಯಮಗಳು ತಲೆಯೆತ್ತುವ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೨೮೦ ಭಾಗವಿದ್ದ ಈ ವಾಯು ಈಗ ೪೨೦ನ್ನು ಮೀರಿದೆ. ಉಷ್ಣತೆ ಏರಿದರೆ ಬೆಳೆ ಕೆಡುತ್ತದೆ, ದುಡಿಯುವವರ ಶಕ್ತಿ ಕುಗ್ಗುತ್ತದೆ, ಕಡಲ ದಂಡೆ ಮುಳುಗುತ್ತದೆ. ಆ ನಷ್ಟವು ಸಂಪತ್ತಿನಿಂದ ಕಳೆದುಹೋಗುತ್ತದೆ. ಹೀಗೆ ಚಕ್ರವೊಂದು ಪೂರ್ಣವಾಗುತ್ತದೆ. ಹೊಗೆಯನ್ನು ತಗ್ಗಿಸುವುದಕ್ಕೆ ಇಂದು ಎಷ್ಟು ವೆಚ್ಚಮಾಡಿದರೆ ಮುಂದಿನ ಎಷ್ಟು ನಷ್ಟ ತಪ್ಪುತ್ತದೆ, ಲಾಭ ಯಾವುದರಲ್ಲಿ, ಎಂಬುದೇ ಮಾದರಿಗೆ ನಾವು ಕೇಳುವ ಪ್ರಶ್ನೆ.

ಈ ಚಕ್ರದ ಎರಡು ಕೊನೆಗಳೂ ನಮ್ಮ ಜಿಲ್ಲೆಯಲ್ಲಿಯೇ ಇವೆ. ವಾಡಿ, ಸೇಡಂ, ಮಳಖೇಡಗಳ ಕಡೆ ಸುಣ್ಣದ ಕಲ್ಲನ್ನು ಕಾಯಿಸಿ ಸಿಮೆಂಟು ಮಾಡುತ್ತಾರೆ. ಅಲ್ಲಿ ಉರಿಯುವ ಇದ್ದಲಿನಿಂದ ಮಾತ್ರವಲ್ಲದೆ ಕಾದ ಕಲ್ಲಿನಿಂದಲೂ ಇಂಗಾಲಾಮ್ಲ ಹೊರಡುತ್ತದೆ. ಇನ್ನೊಂದು ಕೊನೆ ಹೊಲಗಳದು. ೨೦೨೨ರ ಕೊನೆಯಲ್ಲಿ ನೆಟೆ ರೋಗ ತಗುಲಿ ತೊಗರಿ ನಿಂತಲ್ಲಿಯೇ ಒಣಗಿತು. ಮಣ್ಣಿನೊಳಗಿನ ಶಿಲೀಂಧ್ರದಿಂದ ಬರುವ ಈ ರೋಗಕ್ಕೆ ತೇವದ ಏರುಪೇರು ನೆರವಾಗುತ್ತದೆ. ಮರುವರ್ಷ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಹೊಲಗಳ ಮೇಲೆ ಹರಿದಳು. ಇವೆಲ್ಲಕ್ಕೂ ಭೂಮಿಯ ಬಿಸಿಯೊಂದೇ ಕಾರಣವೆನ್ನುವುದು ನಮ್ಮ ಅಭಿಪ್ರಾಯವಲ್ಲ. ನಮ್ಮಲ್ಲಿ ಬರ ಹಿಂದೆಯೂ ಇತ್ತು. ಮುಗಿಲು ತಪ್ಪಿದರೆ ಇಲ್ಲಿ ಏನೇನು ಕಳೆದುಹೋಗುತ್ತದೆಂಬುದಕ್ಕೆ ಮಾತ್ರ ಇವು ಸಾಕ್ಷಿ.

ಮಾದರಿಯ ಪುಸ್ತಕದಲ್ಲಿ ಈ ನಷ್ಟಕ್ಕೆ ಏನು ಬೆಲೆ? ನಾರ್ಡ್‌ಹೌಸರು ೧೯೯೧ರಲ್ಲಿ ಅಮೆರಿಕದ ಸಂಪತ್ತನ್ನು ವಿಂಗಡಿಸಿ, ಅದರಲ್ಲಿ ನೂರಕ್ಕೆ ಸುಮಾರು ೮೭ ಪಾಲು ಹವೆಯಿಂದ ಗಣನೀಯವಾಗಿ ಬಾಧಿತವಾಗದ ಕಸಬುಗಳದೆಂದು ಬರೆದರು. ಚಾವಣಿಯ ಕೆಳಗೆ ನಡೆಯುವ ಕೆಲಸಕ್ಕೆ ಬಿಸಿಲಿನ ಬಾಧೆಯಿಲ್ಲವೆಂದು ಅವರ ತರ್ಕ. ಚಾವಣಿಯೊಳಗೂ ವೈಶಾಖದ ಬೇಗೆ ಎಂತಹುದೆಂಬುದನ್ನು ಕಲಬುರಗಿಯವರು ಬಲ್ಲರು! ೨೦೧೬ರ ಆವೃತ್ತಿಯಲ್ಲಿ ಭೂಮಿಯ ಉಷ್ಣತೆ ಮೂರು ಡಿಗ್ರಿ ಏರಿದರೆ ಲೋಕದ ಉತ್ಪತ್ತಿಯಲ್ಲಿ ನೂರಕ್ಕೆ ಸುಮಾರು ಎರಡು ಮಾತ್ರ ನಷ್ಟವೆಂದಿತ್ತು. ಈಚಿನ ಆವೃತ್ತಿಯಲ್ಲಿ ನಷ್ಟದ ಅಂಶವನ್ನು ಹೆಚ್ಚಿಸಿದ್ದಾರೆ. ಆದರೂ ಸರಾಸರಿ ಸರಾಸರಿಯೇ. ಲೋಕವನ್ನು ಪ್ರಾಂತಗಳಾಗಿ ಒಡೆಯುವ ಅವರ ಇನ್ನೊಂದು ಮಾದರಿಯಲ್ಲಿ, ೨೦೧೦ರ ಆವೃತ್ತಿಯಂತೆ, ಒಟ್ಟು ಹನ್ನೆರಡು ಪ್ರಾಂತಗಳು. ಭಾರತವೆಲ್ಲ ಸೇರಿ ಒಂದು.

ನಮ್ಮ ನಗರದಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರಕ್ಕೆ ಹೋಗುವವರಿಗೆ ನಲವತ್ತು ಕಿಲೋಮೀಟರಿನೊಳಗೆ ನೆಲ ಬೇರೆ, ಬೆಳೆ ಬೇರೆ ಆಗುವುದು ಕಾಣುತ್ತದೆ. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಗೊಬ್ಬರವೂ ನೀರೂ ಬೇರೆ ಬಾಳೆಗಿಂತ ಹೆಚ್ಚು ಬೇಕು. ಒಂದು ಬೇಸಗೆಯಲ್ಲಿ ಬಾವಿ ಬತ್ತಿದರೆ ಒಂದೂವರೆ ವರ್ಷದ ದುಡಿಮೆ ಹೋಯಿತು. ಆ ಬಾಳೆಯು ನಾಳೆ ಇಲ್ಲವಾದರೆ ಭಾರತದ ಒಟ್ಟು ಉತ್ಪತ್ತಿಯ ಅಂಕೆಯಲ್ಲಿ ಎಷ್ಟನೆಯ ದಶಾಂಶ ಸ್ಥಾನದಲ್ಲಿ ವ್ಯತ್ಯಾಸ ಕಂಡೀತೆಂಬುದನ್ನು ಗಣಿತಪ್ರಿಯರು ಊಹಿಸಿಕೊಳ್ಳಲಿ. ಕಮಲಾಪುರದ ಒಕ್ಕಲಿಗನಿಗೆ ಅದೇ ಪೂರ್ಣಾಂಕ.

ಆದರೂ ನಮ್ಮನ್ನು ಹೆಚ್ಚಾಗಿ ಕಾಡಿದುದು ನಷ್ಟದ ಅಂಕೆಯಲ್ಲ, ಬಡ್ಡಿಯ ಅಂಕೆ. ಮುಂದಿನ ನಷ್ಟವನ್ನು ಇಂದಿನ ಹಣದಲ್ಲಿ ಎಣಿಸಬೇಕಾದರೆ ಚಕ್ರಬಡ್ಡಿಯನ್ನು ಹಿಂದುಮುಂದಾಗಿ ಹಾಕುತ್ತಾರೆ. ನೂರು ವರ್ಷಗಳ ಮೇಲೆ ನಮ್ಮ ಮರಿಮಕ್ಕಳಿಗೆ ನೂರು ರೂಪಾಯಿ ನಷ್ಟವಾಗುವುದೆನ್ನೋಣ. ಬಡ್ಡಿ ನೂರಕ್ಕೆ ಐದಾದರೆ ಅದರ ಇಂದಿನ ಬೆಲೆ ೭೬ ಪೈಸೆ. ಎರಡಾದರೆ ೧೩ ರೂಪಾಯಿ ೮೦ ಪೈಸೆ. ಇಂಗ್ಲೆಂಡಿನ ನಿಕೊಲಸ್ ಸ್ಟರ್ನ್ ಎಂಬವರು ತಮ್ಮ ೨೦೦೬ರ ವರದಿಯಲ್ಲಿ ಹಿಡಿದಂತೆ ೧.೪ ಆದರೆ ಸುಮಾರು ೨೫ ರೂಪಾಯಿ. ಹಳೆಯ ಸ್ಲೇಟಿನ ಮೇಲೆಯೇ ಮಾಡಬಹುದಾದ ಲೆಕ್ಕವಿದು. ಮುಗಿಲು ಅದೇ, ಹೊಗೆ ಅದೇ, ನಷ್ಟವೂ ಅದೇ. ಬಡ್ಡಿ ಮಾತ್ರ ಬೇರೆ. ಅಷ್ಟರಿಂದಲೇ, ತಕ್ಷಣ ಹೆಚ್ಚಿನ ವೆಚ್ಚಮಾಡಿ ಹೊಗೆಯನ್ನು ತಡೆಯಿರೆಂದು ಸ್ಟರ್ನರೂ, ಮೆಲ್ಲಮೆಲ್ಲನೆ ತಗ್ಗಿಸುವುದೇ ಲಾಭಕರವೆಂದು ನಾರ್ಡ್‌ಹೌಸರೂ ಹೇಳುವಂತಾಯಿತು. ನಾರ್ಡ್‌ಹೌಸರಿಗೆ ನೊಬೆಲ್ ಪುರಸ್ಕಾರವನ್ನು ಸಾರಿದುದು ೨೦೧೮ರ ಅಕ್ಟೋಬರ್ ೮ರಂದು. ತಾಪದ ಏರಿಕೆಯನ್ನು ಒಂದೂವರೆ ಡಿಗ್ರಿಯಲ್ಲಿ ನಿಲ್ಲಿಸುವ ಬಗೆಗೆ ರಾಷ್ಟ್ರಗಳ ವಿಜ್ಞಾನಿಮಂಡಲದ ವರದಿ ಹೊರಬಿದ್ದುದೂ ಅದೇ ದಿನ. ಅವರ ಮಾದರಿಯಾದರೋ ಈ ಶತಮಾನದ ಕೊನೆಗೆ ಸುಮಾರು ಮೂರೂವರೆ ಡಿಗ್ರಿಯ ಏರಿಕೆಯೇ ಲೆಕ್ಕಕ್ಕೆ ಒಪ್ಪುವುದೆಂದಿತ್ತು!

ಅಮೆರಿಕದ ಸರ್ಕಾರವು ಒಂದು ಟನ್ ಇಂಗಾಲಾಮ್ಲದಿಂದಾಗುವ ಹಾನಿಗೆ ೨೦೨೧ರಲ್ಲಿ ೫೧ ಡಾಲರ್ ಬೆಲೆ ಕಟ್ಟಿತು. ೨೦೨೩ರಲ್ಲಿ ಅಲ್ಲಿಯ ಪರಿಸರ ಇಲಾಖೆಯು ನಷ್ಟದ ಲೆಕ್ಕವನ್ನು ತಿದ್ದಿ, ಬಡ್ಡಿಯನ್ನು ನೂರಕ್ಕೆ ಮೂರರಿಂದ ಎರಡಕ್ಕೆ ಇಳಿಸಿ, ೧೯೦ ಡಾಲರ್ ಎಂದಿತು. ಇವಕ್ಕೆ ಮೊದಲು, ೨೦೧೭ರ ತರುವಾಯದ ವರ್ಷಗಳಲ್ಲಿ, ಹೊರದೇಶಗಳ ನಷ್ಟವನ್ನೆಲ್ಲ ಬಿಟ್ಟು ತಮ್ಮ ದೇಶದ್ದನ್ನು ಮಾತ್ರ ಎಣಿಸಿದಾಗ ಬಂದುದು ಒಂದರಿಂದ ಏಳು ಡಾಲರ್. ಆ ಪುಸ್ತಕದಲ್ಲಿ ನಮ್ಮ ತೊಗರಿಗೂ ಕಮಲಾಪುರದ ಬಾಳೆಗೂ ಬರೆದ ಅಂಕೆ ಸೊನ್ನೆ.

ಇನ್ನೂ ಹುಟ್ಟದವರ ಹಕ್ಕಿನ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲ. ಕಮಲಾಪುರವನ್ನು ದಾಟಿ ಅದೇ ದಿಕ್ಕಿನಲ್ಲಿ ಮುಂದುವರಿದರೆ ಕಲ್ಯಾಣ ಸಿಕ್ಕುತ್ತದೆ, ಈಗಿನ ಬಸವಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ನಮ್ಮ ಜಿಲ್ಲೆಯ ಮರತೂರಿನೊಡನೆ ಅವನ ಹೆಸರು ಸೇರಿಕೊಂಡಿದೆ. ಪಿತ್ರಾರ್ಜಿತ ಸೊತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅವನ ಸಿದ್ಧಾಂತ. ದಾಯವಿಭಾಗ ಪ್ರಕರಣದಲ್ಲಿ ಅವನು ಇನ್ನೂ ಮುಂದೆ ಹೋಗಿ, ಹುಟ್ಟಿದವರಿಗೂ ಗರ್ಭದಲ್ಲಿರುವವರಿಗೂ ಇನ್ನೂ ಹುಟ್ಟದವರಿಗೂ ಜೀವನೋಪಾಯ ಬೇಕಾದುದರಿಂದ ಸ್ಥಿರಸೊತ್ತನ್ನು ಮನಬಂದಂತೆ ದಾನ ವಿಕ್ರಯ ಮಾಡಕೂಡದೆಂಬ ಸ್ಮೃತಿವಾಕ್ಯವನ್ನು ಪ್ರಮಾಣವಾಗಿ ಎತ್ತಿಕೊಳ್ಳುತ್ತಾನೆ. ಹುಟ್ಟದವನ ಪಾಲಿಗೆ ಅವನು ಬಡ್ಡಿ ಕಳೆಯಲಿಲ್ಲ.

ಆದರೆ ಅಲ್ಲಿಯೇ ಅಪವಾದವೂ ಉಂಟು. ಆಪತ್ಕಾಲದಲ್ಲಿ, ಕುಟುಂಬದ ಸಲುವಾಗಿ, ಧರ್ಮಕಾರ್ಯಕ್ಕಾಗಿ ಒಬ್ಬನೇ ಆದರೂ ಸೊತ್ತನ್ನು ಪರಾಧೀನ ಮಾಡಬಹುದು. ಬಡವನ ಮನೆಗೆ ಗಟ್ಟಿ ಗೋಡೆ ಕಟ್ಟುವ ಸಿಮೆಂಟೂ, ಮಕ್ಕಳ ಓದಿಗೆ ದೀಪ ಉರಿಸುವ ಶಕ್ತಿನಗರದ ಕಲ್ಲಿದ್ದಲ ವಿದ್ಯುತ್ತೂ ಕುಟುಂಬಾರ್ಥವೆಂದು ನಾವು ಒಪ್ಪುತ್ತೇವೆ. ಹೊಗೆಯ ಬಾಕಿಯನ್ನು ೨೦೭೦ರೊಳಗೆ ಸೊನ್ನೆಗೆ ತರುವೆವೆಂದು ಭಾರತವು ೨೦೨೧ರಲ್ಲಿ ಗ್ಲಾಸ್ಗೋ ಸಭೆಯಲ್ಲಿ ಮಾತುಕೊಟ್ಟಿದೆ. ಅಷ್ಟು ಗಡುವು ಕೇಳಿದುದಕ್ಕೆ ಈ ಅಪವಾದವೇ ಸಮರ್ಥನೆ. ಶ್ರೀಮಂತ ದೇಶಗಳ ಎಲ್ಲ ವೆಚ್ಚಕ್ಕೂ ಆಪತ್ಕಾಲದ ಹೆಸರು ಸಲ್ಲುವುದೇ ಎಂಬುದು ಬೇರೆಯ ಪ್ರಶ್ನೆ. ಯಾವ ವೆಚ್ಚ ಕುಟುಂಬದ್ದು, ಯಾವುದು ವಿಲಾಸದ್ದು ಎಂಬ ಭೇದಕ್ಕೆ ಡೈಸ್ ಮಾದರಿಯಲ್ಲಿ ಸ್ಥಳವಿಲ್ಲ. ಅದಕ್ಕೆ ಎಲ್ಲವೂ ಡಾಲರೇ.

ಸೇಡಮಿನ ಗೂಡಿನಿಂದ ಇಂದು ಹೊರಟ ಇಂಗಾಲಾಮ್ಲದಲ್ಲಿ ಬಹುಪಾಲನ್ನು ಕಡಲೂ ಕಾಡೂ ಕ್ರಮೇಣ ಹೀರಿಕೊಳ್ಳುತ್ತವೆ. ಒಂದು ಪಾಲು ಸಾವಿರ ವರ್ಷದ ಮೇಲೆಯೂ ಗಾಳಿಯಲ್ಲಿ ಉಳಿದಿರುತ್ತದೆ. ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದು ಈಗ ಸುಮಾರು ಒಂಬೈನೂರು ವರ್ಷಗಳಾದವು.