ಕಾಡಿಗೆ ಹೋದರೆ ಕಿಲೋಮೀಟರು ಬೆಳೆಯುತ್ತದೆ

ಕೆ.ಆರ್. ನಗರದ ನಾಲೆ ಏರಿಯ ಮೇಲೆ ಓಡುವವರಿಗೆ ಜಿಪಿಎಸ್ ವಾಚಿನ ಬಗ್ಗೆ ಅಷ್ಟಾಗಿ ತಕರಾರು ಇರಲಾರದು. ಅತ್ತಿತ್ತ ಭತ್ತದ ಗದ್ದೆ, ಮೇಲೆ ಬಟಾಬಯಲು ಆಕಾಶ. ಅದೇ ವಾಚನ್ನು ಹುಣಸೂರು ದಾಟಿ ವೀರನಹೊಸಹಳ್ಳಿಯ ಕಡೆ, ಮರಗಳು ತಲೆ ಕೂಡಿಸಿದ ದಾರಿಗೆ ಒಯ್ದರೆ ಲೆಕ್ಕ ಹಳಿ ತಪ್ಪುತ್ತದೆ. ಜೊತೆಜೊತೆಯಲ್ಲೇ ನಡೆದ ಇಬ್ಬರ ವಾಚುಗಳು ಬೇರೆ ಬೇರೆ ದೂರ ಹೇಳುತ್ತವೆ.

ಅಸಲಿಗೆ ವಾಚು ದೂರ ಅಳೆಯುವುದೇ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಸಂಕೇತ ಬರಲು ಹಿಡಿದ ಸಮಯ ನೋಡಿ ತಾನೆಲ್ಲಿದ್ದೇನೆಂದು ಅಂದಾಜಿಸುತ್ತದೆ. ಇದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಸಮಯ ಒಂದು ನ್ಯಾನೊಸೆಕೆಂಡ್ ತಪ್ಪಿದರೆ 30 ಸೆಂ.ಮೀ. ತಪ್ಪಿತು. ಹೀಗೆ ಸಿಕ್ಕ ಚುಕ್ಕಿಗಳ ನಡುವಿನ ತುಣುಕುಗಳನ್ನು ಕೂಡಿ 'ಇಷ್ಟು ಕಿಲೋಮೀಟರ್' ಎನ್ನುತ್ತದೆ.

ನೆಲ ಮುಟ್ಟುವ ಹೊತ್ತಿಗೆ ಸಂಕೇತ ತೀರಾ ಕ್ಷೀಣ. ಎಲೆಯೊಳಗಿನ ನೀರು ಅದನ್ನು ಹೀರುತ್ತದೆ; ಕಾಂಡಕ್ಕೆ, ಬಂಡೆಗೆ ಬಡಿದು ಬಂದದ್ದು ತಡವಾಗಿ ತಲುಪುತ್ತದೆ. ತಡವಾದದ್ದನ್ನು ವಾಚು ದೂರದಿಂದ ಬಂದದ್ದೆಂದು ತಿಳಿಯುತ್ತದೆ. ಹಾಗಾಗಿ ನಾಗರಹೊಳೆಯಲ್ಲಿ ಋತುವೂ ಲೆಕ್ಕಕ್ಕೆ ಬರುತ್ತದೆ: ಬೇಸಿಗೆಯಲ್ಲಿ ತೇಗ ಬೋಳಾಗಿ ನಿಂತಾಗ ಸಂಕೇತ ಸಲೀಸಾಗಿ ಇಳಿಯುತ್ತದೆ, ಜುಲೈನ ತೊಯ್ದ ಎಲೆಗಳಡಿ ತಿಣುಕುತ್ತದೆ.

ಚುಕ್ಕಿ ಆಚೀಚೆ ಸರಿದರೆ ಕೂಡಿ ಕಳೆದು ಸರಿಹೋಗುತ್ತದೆ ಅಂದುಕೊಳ್ಳುತ್ತೇವೆ. ಹೋಗುವುದಿಲ್ಲ. ಸೆಕೆಂಡಿಗೆ 1.4 ಮೀಟರ್ ನಡೆಯುವಾಗ ಚುಕ್ಕಿ ಒಂದು ಮೀಟರ್ ಪಕ್ಕಕ್ಕೆ ಜಾರಿದರೆ ಆ ತುಣುಕು 1.7 ಮೀಟರ್ ಆಗುತ್ತದೆ. ಎಡಕ್ಕೆ ಜಾರಿದರೂ ಹೆಚ್ಚು, ಬಲಕ್ಕೆ ಜಾರಿದರೂ ಹೆಚ್ಚು. ಸೆಕೆಂಡಿಗೆ ಮೂರು ಮೀಟರ್ ಓಡುವವರಿಗೆ ಅದೇ ಜಾರು ಸುಮಾರು 3.16 ಮೀಟರ್, ಪೆಟ್ಟು ಕಡಿಮೆ. ಸಂಶೋಧಕ ಪೀಟರ್ ರಾನಾಕರ್ ಮತ್ತು ಸಂಗಡಿಗರು 2016ರ ಪ್ರಬಂಧದಲ್ಲಿ ಇದನ್ನೇ ಗಣಿತದಿಂದ ತೋರಿಸಿದರು: ಜಿಪಿಎಸ್ ದೂರ ಸರಾಸರಿಯಲ್ಲಿ ಉಬ್ಬುತ್ತದೆ. ಬ್ಯಾಟರಿ ಉಳಿಸಲು ವಾಚು ಆಗೊಮ್ಮೆ ಈಗೊಮ್ಮೆ ಮಾತ್ರ ಚುಕ್ಕಿ ಇಟ್ಟರೆ ತಿರುವುಗಳು ಕತ್ತರಿಸಿಹೋಗಿ ದೂರ ಕುಗ್ಗುವುದೂ ಉಂಟು.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಮೆಟ್ಟಿಲು ಹತ್ತುವವರು ವಾಚಿನ ತಪ್ಪಿಗೆ ಏರನ್ನು ದೂರುವುದು ಸುಲಭ. ಹಲವು ವಾಚುಗಳು ಸಮತಲದ ದೂರವನ್ನಷ್ಟೇ ಕೂಡುವುದು ನಿಜ. ಆದರೆ ನೂರಕ್ಕೆ ಹತ್ತರ ಏರು ಕಿಲೋಮೀಟರಿಗೆ ಸೇರಿಸುವುದು ಐದೇ ಮೀಟರ್. ಮೂವತ್ತರ ಏರಾದರೂ 44. ಬೆಟ್ಟ ಅರ್ಧ ಆಕಾಶ ಮುಚ್ಚುವುದು, ಹತ್ತುವ ನಡಿಗೆ ನಿಧಾನವಾಗುವುದು, ಇವೆರಡೇ ದೊಡ್ಡ ತೊಂದರೆ.

ಓಟಗಾರರಿಗೆ ಹೀಗೆ ಉಬ್ಬಿದ ದೂರ ಬಿಂಕದ ವಿಷಯ. ಹುಣಸೂರು, ಎಚ್.ಡಿ. ಕೋಟೆ ಕಾಡಿನ ಗಾರ್ಡುಗಳಿಗೆ ಹಾಗಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ನಾಗರಹೊಳೆಯಲ್ಲಿ ಟ್ರಾನ್ಸೆಕ್ಟ್ ಲೈನ್, ಅಂದರೆ ಎಣಿಕೆಗೆಂದು ಗುರುತಿಸಿದ ನೇರ ದಾರಿ, ನಡೆದು ಜಿಂಕೆ, ಕಡವೆ, ಕಾಟಿಗಳ ಸಾಂದ್ರತೆ ಲೆಕ್ಕ ಹಾಕಿದ್ದರು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಸಿಬ್ಬಂದಿ ಜಿಪಿಎಸ್ ಬಳಸುವ ಎಂ-ಸ್ಟ್ರೈಪ್ಸ್ ಆ್ಯಪ್ ಹಿಡಿದು ಅಂಥದೇ ಲೈನ್ ನಡೆಯುತ್ತಾರೆ. ಕಂಡ ಪ್ರಾಣಿಗಳನ್ನು ಲೈನಿನ ಉದ್ದದಿಂದ ಭಾಗಿಸುವ ಲೆಕ್ಕ ಇದು. ಉದ್ದ ನೂರಕ್ಕೆ ಹತ್ತು ಉಬ್ಬಿದರೆ ಕಾಗದದ ಮೇಲೆ ನೂರಕ್ಕೆ ಸುಮಾರು ಒಂಬತ್ತು ಜಿಂಕೆ ಮಾಯ!

ಪುಣ್ಯಕ್ಕೆ ಲೈನ್ ನೇರವಾಗಿರುತ್ತದೆ. ತುಣುಕು ಕೂಡುವುದನ್ನು ಬಿಟ್ಟು ಆರಂಭ, ಕೊನೆಯ ಎರಡೇ ಚುಕ್ಕಿಗಳ ನಡುವೆ ಅಳೆದರೆ 2 ಕಿ.ಮೀ.ಗೆ ಹತ್ತು ಮೀಟರ್ ತಪ್ಪಿದರೂ ನೂರಕ್ಕೆ ಅರ್ಧ ಪಾಲಷ್ಟೇ. ಅಂಕುಡೊಂಕು ದಾರಿಯ ಓಟಗಾರರಿಗೆ ಈ ಉಪಾಯ ಒದಗದು. ಅವರಿಗೆ 1575.42ರ ಜೊತೆಗೆ 1176.45 ಮೆಗಾಹರ್ಟ್ಸ್‌ನಲ್ಲೂ ಕೇಳುವ ಹೊಸ ವಾಚುಗಳಿವೆ; ಎರಡನೆಯದು ಬಡಿದು ಬಂದ ಸಂಕೇತವನ್ನು ನೇರ ಬಂದದ್ದರಿಂದ ಚೆನ್ನಾಗಿ ಬೇರ್ಪಡಿಸಬಲ್ಲದು. ಹಾಸನದಿಂದ ನಿಯಂತ್ರಿಸಲಾಗುವ ನಮ್ಮ ನಾವಿಕ್ ಉಪಗ್ರಹಗಳೂ ಇದೇ ಕಂಪನಾಂಕ ಬಳಸುತ್ತವೆ. ಹಳೆಯ ವಾಚೇ ಇದ್ದರೆ ಸೆಕೆಂಡಿಗೊಂದು ಚುಕ್ಕಿ ಇಡುವಂತೆ ಹೊಂದಿಸಿ, ಮರದಡಿ ನುಗ್ಗುವ ಮೊದಲು ಬಯಲಲ್ಲಿ ನಿಂತು ಅದಕ್ಕೆ ಉಪಗ್ರಹಗಳು ಸಿಗುವ ತನಕ ಕಾಯುವುದು ವಾಸಿ.