ದೊಡ್ಡಕ್ಷರವಿಲ್ಲದ ಲಿಪಿಯಲ್ಲಿ ಚಂಡಮಾರುತ

2018ರ ನವೆಂಬರ್‌ನಲ್ಲಿ ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದ ಹೆಸರು ಗಜ. ಇಂಗ್ಲಿಷ್ ಪತ್ರಿಕೆಯವರು ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು ನಿಶ್ಚಿಂತರಾಗಬಹುದು. ಕನ್ನಡದ ಉಪಸಂಪಾದಕರಿಗೆ ಆ ಸವಲತ್ತಿಲ್ಲ. ಗಜ ದಾಳಿಗೆ ತೋಟ ನಾಶ ಎಂದು ಶೀರ್ಷಿಕೆ ಕೊಟ್ಟರೆ ಸಕಲೇಶಪುರದ ಓದುಗರ ಕಣ್ಣಿಗೆ ಕಾಣುವುದು ಆನೆಯೇ!

ಈ ಕೊರತೆಯನ್ನು ನಮ್ಮ ಸುದ್ದಿಮನೆಗಳು ಒಂಟಿ ಉದ್ಧರಣ ಚಿಹ್ನೆಯಿಂದ ತುಂಬಿಕೊಂಡಿವೆ. 2019ರ ‘ವಾಯು’ ಭಾರತ ಕೊಟ್ಟ ಹೆಸರು, 2020ರ ‘ನಿಸರ್ಗ’ ಬಾಂಗ್ಲಾದೇಶದ್ದು, ‘ಗಜ’ ಶ್ರೀಲಂಕಾದ್ದು. ಮೂರೂ ಕನ್ನಡದಲ್ಲಿ ದಿನಬಳಕೆಯ ಪದಗಳೇ ಆದ್ದರಿಂದ ಚಿಹ್ನೆ ಬಿಟ್ಟುಹೋದರೆ ಸುದ್ದಿಯೇ ಅಡಿಮೇಲು.

ಕುಸುರಿ ಕೆಲಸ ಇರುವುದು ವಿಭಕ್ತಿಯಲ್ಲಿ. ‘ನಿಸರ್ಗ’ದ ಅಬ್ಬರ, ‘ವಾಯು’ವಿನ ಪಥ: ಹೆಸರು ಚಿಹ್ನೆಯೊಳಗೆ ಇಡಿಯಾಗಿ ಉಳಿಯಬೇಕು, ಪ್ರತ್ಯಯ ಹೊರಗೆ ಅಂಟಬೇಕು. ಸಂಧಿಯಲ್ಲಿ ಬಂದ ವಕಾರವೂ ಹೊರಗೇ. ಇದನ್ನು ಯಾವ ವ್ಯಾಕರಣ ಪಾಠದಲ್ಲೂ ಹೇಳಿಕೊಡುವುದಿಲ್ಲ. ಮೇಜಿನಿಂದ ಮೇಜಿಗೆ ಬಂದ ವಿದ್ಯೆ. ಎರಡನೆಯ ಪ್ಯಾರಾದಿಂದ ಬರೀ ಚಂಡಮಾರುತ ಎಂದರೆ ಸಾಕು, ಪುಟದ ತುಂಬ ಚಿಹ್ನೆ ಚೆಲ್ಲುವುದು ತಪ್ಪುತ್ತದೆ.

ಚಿಹ್ನೆ ಹಾಕುವುದಕ್ಕೂ ಹೊತ್ತಿದೆ. ವಾಯುಭಾರ ಕುಸಿತಕ್ಕೆ ಹೆಸರಿರುವುದಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆಯೇ ಹವಾಮಾನ ಇಲಾಖೆ ಪಟ್ಟಿಯಲ್ಲಿ ಮುಂದಿರುವ ಹೆಸರನ್ನು ಕೊಡುತ್ತದೆ. ಅಲ್ಲಿಯವರೆಗೆ ಚಂಡಮಾರುತ ಎನ್ನುವುದೂ ಅವಸರವೇ. ಇಲಾಖೆಯ ಭಾಷೆಯಲ್ಲಿ ಭಾರಿ ಮಳೆಗೂ ಅಳತೆಯುಂಟು: 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಅದಕ್ಕಿಂತ ಹೆಚ್ಚು, 204.4ರವರೆಗೆ, ಅತಿ ಭಾರಿ. ಮುನ್ಸೂಚನೆ ಬರೆಯುವಾಗ ‘ಭಾರಿ’ಯನ್ನು ತೆಗೆದು ಚಂದಕ್ಕೆಂದು ‘ಕುಂಭದ್ರೋಣ’ ಸೇರಿಸಿದರೆ ಆ ಅಳತೆ ಕೈತಪ್ಪುತ್ತದೆ. ಪಳಗಿದವರು ಅಲಂಕಾರವನ್ನು ಮಳೆ ಸುರಿದ ಮರುದಿನದ ವರದಿಗೆ ಎತ್ತಿಡುತ್ತಾರೆ.

ಪರಭಾಷೆಯ ಹೆಸರು ಬಂದಾಗ ಕಿವಿ ಬೇಕು. 2021ರ ಮೇ ತಿಂಗಳ ಚಂಡಮಾರುತಕ್ಕೆ ಮ್ಯಾನ್ಮಾರ್ ಕೊಟ್ಟ ಹೆಸರನ್ನು ಇಂಗ್ಲಿಷ್ ಅಕ್ಷರ ನೋಡಿ ‘ತೌಕ್ತೆ’ ಎಂದು ಬರೆದವರು ಬಹಳ. ಉಚ್ಚಾರ ‘ತೌತೆ’ ಎಂದು ಇಲಾಖೆಯ ಪಟ್ಟಿಯಲ್ಲೇ ಇತ್ತು. ಆದರೆ ಒಮ್ಮೆ ಮುದ್ರಣಗೊಂಡ ಕಕಾರವನ್ನು ಕೀಳುವುದು ಸುಲಭವಲ್ಲ.

ನಮ್ಮ ರೈತರ ಮಳೆಗಳಿಗೆ ಈ ಯಾವ ರಗಳೆಯೂ ಇಲ್ಲ. ಆರಿದ್ರಾ, ಹುಬ್ಬೆ, ಉತ್ತರೆ, ಹಸ್ತ. ಸುಮಾರು ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ. ಹಸ್ತ ಎಂದರೆ ಕೈಯೂ ಹೌದು. ಆದರೂ ‘ಹಸ್ತ ಮಳೆ ಹಿಡಿಯಿತು’ ಎಂದರೆ ಯಾರೂ ಕೈ ನೋಡಿಕೊಳ್ಳುವುದಿಲ್ಲ.