ಅರಕೇರಿ ಸೀಮೆ: ಕೆರೆ ತುಂಬಿತು, ಕಾಯುವವರು ಯಾರು?

ಅರಕೇರಿ ಅಂದರೆ ವಿಜಯಪುರದ ಕಡೆಯವರಿಗೆ ಮೊದಲು ನೆನಪಾಗುವುದು ಮುಮ್ಮೆಟ್ಟಿ ಗುಡ್ಡದ ಅಮೋಘಸಿದ್ಧ. ಹಾಲುಮತದವರ ಈ ನೆಲೆಗೆ ಜಾತ್ರೆಯಲ್ಲಿ ಡೊಳ್ಳು ಬಡಿಯುತ್ತ ಪಲ್ಲಕ್ಕಿಗಳು ಬರುತ್ತವೆ. ಗುಡ್ಡ ಇಳಿದರೆ ಕುರಿ ಹಿಂಡು, ಬಿಳಿಜೋಳ, ಕಡಲೆ. ತಿಕೋಟಾ ಕಡೆ ಹೊರಳಿದರೆ ದ್ರಾಕ್ಷಿ ತೋಟ. ನೀರುಹಕ್ಕಿ ನೋಡಲೆಂದು ಇತ್ತ ಬರುವವರು ಕಡಿಮೆ. ಬರಬೇಕಾದ ಕಾಲ ಈಗ ಬಂದಿದೆ.

ಈ ಸೀಮೆಯ ದೊಡ್ಡ ಕೆರೆಗಳೆಲ್ಲ ಮನುಷ್ಯ ಕಟ್ಟಿದವು. ಬಬಲೇಶ್ವರ ಭಾಗದ ಮಮದಾಪುರದ ಕೆರೆಗಳು 1633ರ ಸುಮಾರಿಗೆ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆದವು. ವಿಜಯಪುರ ನಗರದ ಬೇಗಂ ತಲಾಬ್ 1651ರದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಂಥ ಕೆರೆಗಳ ಅಂಗಳದಲ್ಲಿ ದನ ಮೇಯುತ್ತಿದ್ದವು. ಕೃಷ್ಣೆಯ ನೀರನ್ನು ಎತ್ತಿ ತಂದು ಕೆರೆ ತುಂಬಿಸುವ ಯೋಜನೆಗಳು ಜಾರಿಯಾದ ಮೇಲೆ ಚಿತ್ರ ಬದಲಾಗಿದೆ. ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಇದ್ದದ್ದು ಬಾವಿ, ಬೋರ್‌ವೆಲ್, ದ್ರಾಕ್ಷಿ. ಹಕ್ಕಿ ಯಾವ ಕಡತದಲ್ಲೂ ಇದ್ದಿರಲಾರದು. ಆದರೆ ನೀರು ನಿಂತು, ದಂಡೆಯಲ್ಲಿ ಕೆಸರು ಉಳಿದು, ಜಂಡು ಬೆಳೆದರೆ ಹಕ್ಕಿಗೆ ಆಹ್ವಾನ ಪತ್ರಿಕೆ ಬೇಕಿಲ್ಲ. ದಕ್ಷಿಣಕ್ಕೆ ಆಲಮಟ್ಟಿ ಹಿನ್ನೀರಿನಲ್ಲಿ ರಾಜಹಂಸಗಳೂ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಚಳಿಗಾಲದ ಅತಿಥಿಗಳು.

ಹಕ್ಕಿ ಬಂದಲ್ಲಿಗೆ ಉರುಲೂ ಬರುತ್ತದೆ. ಇಲ್ಲಿಂದ ಮಾತು ಸ್ವಲ್ಪ ಕಷ್ಟದ್ದು.

ವಿಜಯಪುರ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳಿದ್ದಾರೆ. ಮಹಾರಾಷ್ಟ್ರದ ಪಾರ್ಧಿಗಳ ಬಳಗ, ನಮ್ಮಲ್ಲಿ ಪರಿಶಿಷ್ಟ ಪಂಗಡ. ದಕ್ಷಿಣದ ಹಕ್ಕಿಪಿಕ್ಕಿಗಳಂತೆ ಇವರದೂ ಬೇಟೆಯ ಕುಲಕಸುಬು. ಸಾಕಿದ ಕೌಜುಗವನ್ನು ದೀಮವಾಗಿಟ್ಟು ಅದರ ಕೂಗಿಗೆ ಕಾಡಿನ ಕೌಜುಗವನ್ನು ಸೆಳೆಯುವುದು, ಹೆಜ್ಜೆ ನೋಡಿ ಉರುಲು ಒಡ್ಡುವುದು ಇವರಿಗೆ ಅಪ್ಪ-ಅಜ್ಜನಿಂದ ಬಂದ ವಿದ್ಯೆ. 1871ರಲ್ಲಿ ಬ್ರಿಟಿಷರು ತಂದ ಕಾನೂನು ಇಂಥ ಅಲೆಮಾರಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಅದು ರದ್ದಾದದ್ದು 1952ರಲ್ಲಿ. ಇಪ್ಪತ್ತು ವರ್ಷ ಕಳೆದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅವರ ಕಸುಬೇ ಅಪರಾಧವಾಯಿತು. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಸುಬು ಕಸಿದವರು ಬದಲಿಗೆ ಏನು ಕೊಟ್ಟರು?

ದೊಡ್ಡವರ ಬೇಟೆಯನ್ನು ನೋಡಿದ ಕಣ್ಣೇ ಬೇರೆ. ರಾಜಸ್ಥಾನದ ಭರತಪುರದ ಜೌಗಿನಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಆ ಜೌಗು ಉಳಿದದ್ದು ಮಹಾರಾಜರ ಬಾತುಬೇಟೆಯ ಜಾಗವಾಗಿದ್ದರಿಂದ ಎಂಬುದೂ ನಿಜವೇ. ಅಮೆರಿಕದಲ್ಲಂತೂ ಇದೇ ವ್ಯವಸ್ಥೆಯಾಗಿದೆ: 1934ರಿಂದ ಬಾತುಬೇಟೆಗೆ ಹೋಗುವವರು ಪ್ರತಿ ವರ್ಷ ಸರ್ಕಾರದ ಸ್ಟಾಂಪ್ ಕೊಳ್ಳಬೇಕು, ಆ ಹಣದಲ್ಲಿ ಲಕ್ಷಾಂತರ ಎಕರೆ ಜೌಗು ಭೂಮಿ ರಕ್ಷಣೆ ಕಂಡಿದೆ. ನಮಗೆ ಆ ದಾರಿ ಬೇಡ. ಬಂದೂಕಿನ ಶೋಕಿಗೆ ರಸೀದಿ ಹರಿದುಕೊಡುವಷ್ಟು ಹಕ್ಕಿಯೂ ಇಲ್ಲಿಲ್ಲ, ಜಾಗವೂ ಇಲ್ಲ.

ನಮಗೆ ಒಗ್ಗುವ ದಾರಿ ಒಡಿಶಾದ ಚಿಲಿಕಾ ಸರೋವರದ ದಂಡೆಯಲ್ಲಿದೆ. ಮಂಗಳಾಜೋಡಿ ಎಂಬ ಹಳ್ಳಿ ಹಕ್ಕಿ ಕೊಂದು ಮಾರುವುದಕ್ಕೇ ಹೆಸರಾಗಿತ್ತು. 2000ದ ಆಸುಪಾಸಿನಲ್ಲಿ ಅಲ್ಲಿನ ಬೇಟೆಗಾರರೇ ಸಂಘ ಕಟ್ಟಿಕೊಂಡು ಕಾವಲಿಗೆ ನಿಂತರು. ಇಂದು ಅವರೇ ದೋಣಿ ನಡೆಸಿ ಪ್ರವಾಸಿಗರಿಗೆ ಹಕ್ಕಿ ತೋರಿಸುತ್ತಾರೆ. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಇಳಿಯುತ್ತದೆ ಎಂದು ಅವರಿಗೆ ಯಾರೂ ತರಬೇತಿ ಕೊಡಬೇಕಾಗಲಿಲ್ಲ. ಬಿಹಾರದ ಮೀರ್‌ಶಿಕಾರಿ ಸಮುದಾಯದ ಅಲಿ ಹುಸೇನ್ ಇನ್ನೊಂದು ನಿದರ್ಶನ. ಹಕ್ಕಿಯ ಗರಿಯೂ ಮುರಿಯದಂತೆ ಹಿಡಿಯುವ ಅವರ ಕೈಚಳಕವನ್ನೇ ನಂಬಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಸಾವಿರಾರು ಅಮುರ್ ಚಾಣಗಳನ್ನು ಬಲೆಗೆ ಕೆಡವಿದ ಊರುಗಳು ಮರುವರ್ಷವೇ ಬಲೆ ಮಡಚಿಟ್ಟವು.

2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಎರಡೂ ನಮ್ಮಂಥದೇ ಬಯಲುಸೀಮೆಯ ಕೆರೆಗಳು, ಎರಡರ ಹಿಂದೆಯೂ ಊರವರ ಅಕ್ಕರೆ ಇದೆ. ವಿಜಯಪುರ ಜಿಲ್ಲೆಯ ಒಂದು ಕೆರೆಯೂ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಬಿಡಿ, ಅದು ನಿಧಾನಕ್ಕೆ ಬರಲಿ. ಮೊದಲು ಆಗಬೇಕಾದದ್ದು ಸಣ್ಣ ಕೆಲಸ. ಮಮದಾಪುರ, ಬೇಗಂ ತಲಾಬ್, ಅರಕೇರಿ ಸುತ್ತಿನ ಕೆರೆಗಳಿಗೆ ಚಳಿಗಾಲದ ಹಕ್ಕಿ ಎಣಿಕೆಗೂ ಕಾವಲಿಗೂ ಜನ ಬೇಕು. ಅರಣ್ಯ ಇಲಾಖೆ ಆ ಕೆಲಸಕ್ಕೆ ಹರಣಶಿಕಾರಿ ಮನೆಗಳ ಹುಡುಗರನ್ನು, ಹಿರಿಯರನ್ನು ಸಂಬಳ ಕೊಟ್ಟು ಕರೆಯಲಿ. ಹೆಬ್ಬಾತು ಇಳಿಯುವ ಮುಂಚೆ, ದೀಪಾವಳಿಯೊಳಗೆ ಆದೇಶ ಹೊರಡಲಿ.